ಲೆಟ್ಯೂಸ್‌ನ ಎಳೆ ಎಲೆ ಹಳದಿ, ನರ ಮಾತ್ರ ಹಸಿರು: ಏನಿರಬಹುದು?

ಪ್ರಶ್ನೆ (ಹಾಸನ): ನಮಸ್ಕಾರ. ಮನೆ ಹಿಂದಿನ ರೂಮಲ್ಲಿ ಎಲ್‌ಇಡಿ ದೀಪದ ಕೆಳಗೆ, ಮಣ್ಣಿಲ್ಲದೆ, 20 ಲೀಟರ್ ಟಬ್‌ನಲ್ಲಿ ಗೊಬ್ಬರ ಬೆರೆಸಿದ ನೀರಲ್ಲಿ ಲೆಟ್ಯೂಸ್ (ಸಲಾಡ್ ಸೊಪ್ಪು) ಬೆಳೀತಿದ್ದೀನಿ. ನಾಲ್ಕು ದಿನದಿಂದ ನಡುವಿನ ಎಳೆ ಎಲೆಗಳು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿವೆ; ನರಗಳು ಮಾತ್ರ ಹಸಿರು ದಾರದ ಹಾಗೆ ಎದ್ದು ಕಾಣ್ತವೆ. ಕೆಳಗಿನ ಹಳೆ ಎಲೆಗಳು ಚೆನ್ನಾಗೇ ಇವೆ. ಬೋರ್‌ವೆಲ್ ನೀರು. ಗೊಬ್ಬರ ಇನ್ನಷ್ಟು ಹಾಕಿದೆ, ಸರಿಹೋಗಲಿಲ್ಲ. ಕಿತ್ತು ಎಸೆಯೋಕೆ ಮನಸ್ಸು ಬರ್ತಿಲ್ಲ.

ಉತ್ತರ (ಚಿಕ್ಕಮಗಳೂರು): ಎಸೀಬೇಡಿ ಮೇಡಂ. ಹಳದಿ ಎಲ್ಲಿಂದ ಶುರುವಾಯ್ತು ಅನ್ನೋದೇ ಮುಖ್ಯ. ಸಾರಜನಕ, ಮೆಗ್ನೀಷಿಯಂ ಕಮ್ಮಿಯಾದ್ರೆ ಗಿಡ ಹಳೆ ಎಲೆಯಿಂದ ಎಳೆದು ಹೊಸದಕ್ಕೆ ಕೊಡುತ್ತೆ, ಕೆಳಗಿನದು ಮೊದಲು ಹಳದಿಯಾಗುತ್ತೆ. ಕಬ್ಬಿಣ ಹಾಗೆ ಓಡಾಡಲ್ಲ, ಅದಕ್ಕೇ ಅದು ಕಮ್ಮಿಯಾದ್ರೆ ಎಳೆ ಎಲೆ ಮೊದಲು ಹಳದಿಯಾಗುತ್ತೆ. ನಿಮ್ಮದು ಕಬ್ಬಿಣದ ಕೊರತೆಯೇ ಇರಬೇಕು. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಎಷ್ಟಿದೆ?

ಪ್ರಶ್ನೆ ಕೇಳಿದವರು: ಈಗ ನೋಡಿದೆ, 7.6!

ಉತ್ತರ (ಚಿಕ್ಕಮಗಳೂರು): ಅಲ್ಲೇ ಇದೆ ನೋಡಿ. ನಿಮ್ಮ ಬೋರ್‌ವೆಲ್ ನೀರು ಗಡಸಿರಬೇಕು; ಗಡಸು ನೀರಲ್ಲಿ ಕರಗಿರೋ ಬೈಕಾರ್ಬೊನೇಟ್ ಅನ್ನೋ ಲವಣ ಪಿಎಚ್ ಏರಿಸುತ್ತೆ. ಆಗ ಗೊಬ್ಬರದಲ್ಲಿ ಕಬ್ಬಿಣ ಇದ್ರೂ ಬೇರಿಗೆ ಸಿಗಲ್ಲ. ದಯವಿಟ್ಟು ಗೊಬ್ಬರ ಸುರಿಯೋದು ನಿಲ್ಲಿಸಿ. ನೀರು ಬದಲಾಯಿಸಿ, ಪಿಎಚ್ ಡೌನ್ (ಪಿಎಚ್ ಇಳಿಸೋ ಆಮ್ಲದ ದ್ರಾವಣ) ಹನಿಹನಿಯಾಗಿ ಹಾಕಿ 6ರ ಆಸುಪಾಸಿಗೆ ತನ್ನಿ. ಮಳೆನೀರು ಹಿಡಿದಿಟ್ಟಿದ್ರೆ ಬೆರೆಸಿ.

ಇನ್ನೊಬ್ಬರ ಉತ್ತರ (ಹಾಸನ): ಬೇರನ್ನೂ ಎತ್ತಿ ನೋಡಿ ಅಕ್ಕ. ಬೆಳ್ಳಗಿದ್ರೆ ಸರಿ; ಕಂದಾಗಿ ಲೋಳೆ ಹಿಡಿದಿದ್ರೆ ಕೊಳೆ ಶುರುವಾಗಿದೆ, ನೀರಿಗೆ ಗಾಳಿ ಊದೋ ಏರ್ ಪಂಪ್ ಪರೀಕ್ಷಿಸಿ. ಹಳದಿಯಾದ ಎಲೆ ಪೂರ್ತಿ ಹಸಿರಾಗದಿದ್ರೂ ಗಾಬರಿಯಾಗ್ಬೇಡಿ, ಮುಂದೆ ಬರೋ ಚಿಗುರಿನ ಮೇಲೆ ಕಣ್ಣಿಡಿ.