ಒಸಾಕಾದ ಸೂಪರ್ ನಿಂಟೆಂಡೊ ವರ್ಲ್ಡ್: ಮಾರಿಯೊ ಅಭಿಮಾನಿಗಳ ಆಸೆ ತೀರುತ್ತದೆಯೇ? ಹೋಗಿ ಬಂದವರು ಹೇಳಿ

ಪ್ರಶ್ನೆ: ಸೂಪರ್ ನಿಂಟೆಂಡೊ ವರ್ಲ್ಡ್ ಅನ್ನುವ ಮಾರಿಯೊ ವಿಡಿಯೊ ಗೇಮ್ ಲೋಕ ಇರುವ ಯೂನಿವರ್ಸಲ್ ಸ್ಟುಡಿಯೋಸ್ ಜಪಾನ್ ಥೀಮ್ ಪಾರ್ಕ್‌ಗೆ ಒಂದೇ ದಿನ ಇಟ್ಟುಕೊಂಡಿದ್ದೇವೆ. ಮಗನಿಗೆ 9 ವರ್ಷ, ಮಾರಿಯೊ ಕಾರ್ಟ್ ಅನ್ನುವ ಕಾರ್ ಓಟದ ಗೇಮ್ ಅಂದ್ರೆ ಪ್ರಾಣ. ಮಗಳಿಗೆ 4, ಎತ್ತರ 100 ಸೆಂ.ಮೀ. ಡಾಂಕಿ ಕಾಂಗ್ (ಗೊರಿಲ್ಲಾ ನಾಯಕನ ಗೇಮ್) ಭಾಗ ಹೊಸದಾಗಿ ಸೇರಿದೆ ಅಂತ ಕೇಳಿದೆ. ಇಟ್ಟುಕೊಂಡ ನಿರೀಕ್ಷೆಗೆ ತಕ್ಕಂತಿದೆಯಾ? ಆ ಕೈಗೆ ಕಟ್ಟುವ ಬ್ಯಾಂಡ್ ಕೊಳ್ಳಲೇಬೇಕಾ? ನಾವು ಸಸ್ಯಾಹಾರಿಗಳು.

ಉತ್ತರ 1: ಸುಮ್ಮನೆ ನೋಡಿಕೊಂಡು ಬರೋಣ ಅಂತ ಹೋದರೆ ಒಂದು ಗಂಟೆಯಲ್ಲಿ ಮುಗಿದುಹೋಗುತ್ತದೆ. ಆಡೋಕೆ ಅಂತ ಹೋದರೆ ಅರ್ಧ ದಿನವೂ ಸಾಲದು. ಹಸಿರು ಪೈಪಿನೊಳಗಿಂದ ನಡೆದು ಆಟದ ರಾಜಕುಮಾರಿ ಪೀಚ್‌ಳ ಅರಮನೆ ದಾಟಿ ಹೊರಬಂದಾಗ ಕಣ್ಣಿಗೆ ಬೀಳುವ ನೋಟ ಮಾತ್ರ ಯಾವ ಅಭಿಮಾನಿಗೂ ಮೋಸ ಮಾಡುವುದಿಲ್ಲ. ನಾಣ್ಯ ತಿರುಗುತ್ತಿರುತ್ತದೆ, ಗೂಂಬಾಗಳು (ಅಣಬೆ ಆಕಾರದ ಶತ್ರುಗಳು) ಅತ್ತಿಂದಿತ್ತ ಓಡಾಡುತ್ತಿರುತ್ತವೆ, ತುದಿಯಲ್ಲಿ ಬಾವುಟದ ಕಂಬ. ಹೊರಗಿನ ಊರು ಎಲ್ಲೂ ಕಾಣುವುದಿಲ್ಲ. ಆದರೆ ಜಾಗ ಚಿಕ್ಕದು. ಹರಡಿಕೊಂಡಿಲ್ಲ, ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ್ದಾರೆ. ಜೆಲ್ಡಾ, ಪೋಕೆಮಾನ್‌ನಂಥ ನಿಂಟೆಂಡೊದ ಬೇರೆ ಆಟಗಳನ್ನು ಹುಡುಕಬೇಡಿ, ಇದು ಮಾರಿಯೊ ಮತ್ತು ಡಾಂಕಿ ಕಾಂಗ್ ಲೋಕ. ಮೂಲೆಗಳಲ್ಲಿ ಪಿಕ್ಮಿನ್ ಅನ್ನುವ ಇನ್ನೊಂದು ನಿಂಟೆಂಡೊ ಆಟದ ಪುಟ್ಟ ಜೀವಿಗಳನ್ನು ಅಡಗಿಸಿಟ್ಟಿದ್ದಾರೆ, ಮಗಳಿಗೆ ಅವನ್ನು ಹುಡುಕುವ ಕೆಲಸ ಕೊಡಿ.

ಮಗನಿಗೆ ಒಂದು ವಿಷಯ ಮೊದಲೇ ಹೇಳಿಟ್ಟಿರಿ: ಮಾರಿಯೊ ಕಾರ್ಟ್ ಸವಾರಿಯಲ್ಲಿ ವೇಗ ಇಲ್ಲ. ನಾಲ್ಕು ಜನ ಕೂರುವ ಗಾಡಿ ನಿಧಾನಕ್ಕೆ ಹೋಗುತ್ತದೆ; ತಲೆಗೆ ಕಟ್ಟಿದ ಪಟ್ಟಿಗೆ ಸಿಕ್ಕಿಸುವ ಎಆರ್ (ಎದುರಿನ ದೃಶ್ಯದ ಮೇಲೆ ಕಂಪ್ಯೂಟರ್ ಚಿತ್ರ ಮೂಡಿಸುವ) ಗಾಜಿನಲ್ಲಿ ಎದುರಾಳಿಗಳು ಕಾಣುತ್ತಾರೆ. ನಿರಾಸೆಯಾದವರಲ್ಲಿ ಹೆಚ್ಚಿನವರು ರೋಲರ್ ಕೋಸ್ಟರ್ ಅಂದುಕೊಂಡು ಹತ್ತಿದವರೇ. ಆಡುವುದು ಹೀಗೆ: ಬಾಣದ ಗುರುತು ಕಂಡ ಕಡೆಗೆ ಸ್ಟಿಯರಿಂಗ್ ತಿರುಗಿಸಿದರೆ ನಾಣ್ಯ, ಸ್ಟಿಯರಿಂಗ್‌ನಲ್ಲಿರುವ ಗುಂಡಿ ಒತ್ತಿದರೆ ಆಮೆಚಿಪ್ಪು ಹಾರುತ್ತದೆ. ಗುರಿ ಹಿಡಿಯುವುದು ಕೈಯಲ್ಲಲ್ಲ, ತಲೆಯಲ್ಲಿ. ನೀವು ಮುಖ ತಿರುಗಿಸಿದ ಕಡೆಗೇ ಚಿಪ್ಪು ಹೋಗುತ್ತದೆ. ಇದು ಗೊತ್ತಿಲ್ಲದೆ ಬಹಳ ಜನ ನೇರ ನೋಡುತ್ತಾ ಗುಂಡಿ ಒತ್ತಿಕೊಂಡೇ ಮುಗಿಸಿಬಿಡುತ್ತಾರೆ. ತಲೆಪಟ್ಟಿಯ ಹಿಂದಿರುವ ತಿರುಪನ್ನು ಬಿಗಿ ಮಾಡಿ. ಸಡಿಲವಿದ್ದರೆ ಗಾಜು ಜಾರಿ ಚಿತ್ರ ಎರಡೆರಡಾಗಿ ಕಾಣುತ್ತದೆ. ಕನ್ನಡಕದ ಮೇಲೂ ಹಾಕಬಹುದು.

ಉತ್ತರ 2: ಬ್ಯಾಂಡ್ ಬಗ್ಗೆ. ಅದನ್ನು ಕಟ್ಟಿಕೊಂಡು ಅಲ್ಲಿನ ಬ್ಲಾಕ್‌ಗಳಿಗೆ ಹೊಡೆದರೆ ನಾಣ್ಯ, ಅಂಕ ಸಿಗುತ್ತದೆ. ಸವಾರಿಗಳಿಗೆ ಅದು ಬೇಕಿಲ್ಲ. ಆದರೆ ಅದಿಲ್ಲದೆ ಹೋದರೆ ಅಲ್ಲಿನ ಅರ್ಧ ಆಟ ನಿಮ್ಮ ಪಾಲಿಗೆ ಬರೀ ಗೋಡೆ. 2021ರ ಮಾರ್ಚ್‌ನಲ್ಲಿ ಶುರುವಾದಾಗ 3,200 ಯೆನ್ ಇತ್ತು, ಈಗ ಜಾಸ್ತಿಯಾಗಿದೆ. ಅಂಕ ಒಬ್ಬೊಬ್ಬರದೂ ಬೇರೆ, ಹಾಗಾಗಿ ಒಂದು ಬ್ಯಾಂಡನ್ನು ಇಬ್ಬರು ಮಕ್ಕಳಿಗೆ ಹಂಚಿದರೆ ಜಗಳ ಗ್ಯಾರಂಟಿ. ಮಗನಿಗೆ ಖಂಡಿತ ಕೊಡಿಸಿ, ದೊಡ್ಡವರಿಗೆ ಬೇಡ.

ಉದ್ದೇಶ ಇಷ್ಟು: ಐದು ಕಡೆ ಸಣ್ಣ ಸವಾಲುಗಳಿವೆ, ಮೂರು ಗೆದ್ದು ಮೂರು ಕೀಲಿ ಸಂಪಾದಿಸಿದರೆ ಖಳನಾಯಕ ಬೌಸರ್‌ನ ಮಗ ಬೌಸರ್ ಜೂನಿಯರ್ ಜೊತೆ ಕಾದಾಟ. ಗೂಂಬಾ ಬೀಳಿಸಲು ಹ್ಯಾಂಡಲ್ ತಿರುಗಿಸುವುದು, ಅಲಾರಂ ಗಡಿಯಾರ ಬಡಿದು ಆರಿಸುವುದು, ಫಲಕಗಳನ್ನೆಲ್ಲ ಒಂದೇ ಬಣ್ಣಕ್ಕೆ ತರುವುದು, ಇಂಥವು. ಪ್ರತಿಯೊಂದಕ್ಕೂ ಪ್ರತ್ಯೇಕ ಸಾಲು ಇರುತ್ತದೆ, ಮಧ್ಯಾಹ್ನ ಅದೇ ಉದ್ದವಾಗುತ್ತದೆ. ಬೆಳಿಗ್ಗೆ ಎಲ್ಲರೂ ಸವಾರಿಗೆ ಓಡುವಾಗ ಕೀಲಿಗಳನ್ನು ಮುಗಿಸಿಬಿಡುವುದೂ ಒಂದು ದಾರಿ.

ತಪ್ಪಾಗುವುದು ಎಲ್ಲಿ ಅಂದರೆ: ಬ್ಯಾಂಡ್ ಕಟ್ಟಿದ ಕೈಯಿಂದಲೇ ಬ್ಲಾಕ್‌ಗೆ ಹೊಡೆಯಬೇಕು. ಮಕ್ಕಳು ಆತುರದಲ್ಲಿ ಇನ್ನೊಂದು ಕೈ ಬೀಸುತ್ತಾರೆ, ಟಿಂಗ್ ಅನ್ನುವುದಿಲ್ಲ, ಬ್ಯಾಂಡ್ ಕೆಟ್ಟಿದೆ ಅಂತ ಅಳು. ಅದು ಬಕಲ್ ಇಲ್ಲದ, ಚಟ್ ಅಂತ ಮಣಿಕಟ್ಟಿಗೆ ಸುತ್ತಿಕೊಳ್ಳುವ ಪಟ್ಟಿ, ಜೋರಾಗಿ ಗುದ್ದಿದರೆ ಕಳಚಿ ಬೀಳುತ್ತದೆ. ಕೊಂಡ ತಕ್ಷಣ ಹಿಂಬದಿಯ ಕ್ಯೂಆರ್ ಕೋಡನ್ನು ಪಾರ್ಕಿನ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಅಂಕಗಳೆಲ್ಲ ಕಾಣುವುದು ಅಲ್ಲೇ. ಪವರ್ ಬ್ಯಾಂಕ್ ಇರಲಿ. ಮನೆಗೆ ಬಂದ ಮೇಲೆ ನಿಂಟೆಂಡೊ ಸ್ವಿಚ್ ಗೇಮ್ ಯಂತ್ರದಲ್ಲಿ ಅಮೀಬೊ (ತಾಗಿಸಿದರೆ ಆಟದಲ್ಲಿ ಏನಾದರೂ ಕೊಡುವ ವಸ್ತು) ಆಗಿಯೂ ಕೆಲಸಕ್ಕೆ ಬರುತ್ತದೆ.

ಕೇಳಿದವರು: ಥ್ಯಾಂಕ್ಸ್. ಪಾರ್ಕ್ ಟಿಕೆಟ್ ಇದ್ದರೂ ಒಳಗೆ ಬಿಡದೆ ಇರಬಹುದು ಅಂತಾರಲ್ಲ?

ಉತ್ತರ 3: ಹೌದು, ದಿನ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಜನ ಜಾಸ್ತಿ ಇರುವ ದಿನ ಈ ಪ್ರದೇಶಕ್ಕೆ ಸಮಯ ನಿಗದಿಯ ಪ್ರವೇಶ ಚೀಟಿ ಬೇಕು. ಮೂರು ದಾರಿ ಇದೆ. ಒಂದು, ಗೇಟು ತೆರೆಯುವ ಹೊತ್ತಿಗೆ ಹೋಗಿ ನೇರ ಅಲ್ಲಿಗೇ ನಡೆಯುವುದು. ನಿರ್ಬಂಧ ಶುರುವಾಗುವ ಮುಂಚೆ ಚೀಟಿ ಕೇಳುವುದಿಲ್ಲ. ಗೇಟು ಪ್ರಕಟಿಸಿದ ಸಮಯಕ್ಕಿಂತ ಒಂದು ಗಂಟೆ ಮೊದಲೇ ತೆರೆಯುವುದು ಸಾಮಾನ್ಯ. ಎರಡು, ಒಳಗೆ ಕಾಲಿಟ್ಟ ಕೂಡಲೇ ಆ್ಯಪ್‌ನಲ್ಲಿ ಉಚಿತ ಚೀಟಿ ತೆಗೆದುಕೊಳ್ಳುವುದು. ಹಿಂದಿನ ರಾತ್ರಿಯೇ ಖಾತೆ ತೆರೆದು ನಾಲ್ವರ ಟಿಕೆಟ್ಟೂ ಒಂದೇ ಫೋನಿಗೆ ಸೇರಿಸಿಡಿ. ಗೇಟು ದಾಟದ ಟಿಕೆಟ್ಟಿಗೆ ಚೀಟಿ ಸಿಗುವುದಿಲ್ಲ, ಆದ್ದರಿಂದ ಎಲ್ಲರೂ ಒಟ್ಟಿಗೇ ಒಳಗೆ ಬನ್ನಿ. ಮೂರು, ಅಲ್ಲಿನ ಸವಾರಿ ಸೇರಿರುವ ಎಕ್ಸ್‌ಪ್ರೆಸ್ ಪಾಸ್ (ಹಣ ಕೊಟ್ಟು ಉದ್ದದ ಸಾಲು ತಪ್ಪಿಸುವ ಚೀಟಿ). ದುಬಾರಿ, ಆದರೆ ಪ್ರವೇಶ ಖಾತ್ರಿ.

ಒಳಗೆ ಹೋದ ಮೇಲೆ ಎಷ್ಟು ಹೊತ್ತಾದರೂ ಇರಬಹುದು. ಹೊರಗೆ ಬಂದರೆ ಮತ್ತೆ ಚೀಟಿ ಬೇಕು, ಹಾಗಾಗಿ ಮಕ್ಕಳ ತಿಂಡಿ, ಜಾಕೆಟ್ ಅಂತ ಹೊರಗೆ ಬರಬೇಡಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಗೋಲ್ಡನ್ ವೀಕ್ (ಜಪಾನಿನ ಸಾಲು ರಜೆಗಳು) ತಪ್ಪಿಸಿ.

ಎತ್ತರದ ಲೆಕ್ಕ: ಯೋಶಿ (ಮಾರಿಯೊನ ಡೈನೋಸಾರ್ ಗೆಳೆಯ) ಸವಾರಿಗೆ ದೊಡ್ಡವರ ಜೊತೆ 92 ಸೆಂ.ಮೀ. ಸಾಕು, ಮಗಳು ಕೂರಬಹುದು. ಮಾರಿಯೊ ಕಾರ್ಟ್‌ಗೆ 107 ಬೇಕು, ಆಗುವುದಿಲ್ಲ. ಅಲ್ಲಿ ಬಾಗಿಲ ಸಿಬ್ಬಂದಿಗೆ 'ಚೈಲ್ಡ್ ಸ್ವಿಚ್' ಅನ್ನಿ. ಸಾಲು ಒಮ್ಮೆ ನಿಂತರೆ ಸಾಕು, ಅಪ್ಪ ಹತ್ತುವಾಗ ಅಮ್ಮ ಮಗುವಿನ ಜೊತೆ, ಆಮೇಲೆ ಅದಲುಬದಲು. ಒಬ್ಬೊಬ್ಬರನ್ನೇ ಖಾಲಿ ಸೀಟಿಗೆ ಕೂರಿಸುವ ಸಿಂಗಲ್ ರೈಡರ್ ಸಾಲು ಬೇಗ ಹೋಗುತ್ತದೆ ನಿಜ, ಆದರೆ ಬೌಸರ್ ಕೋಟೆಯೊಳಗಿನ ಗ್ರಂಥಾಲಯ, ಬಾಂಬು ತಯಾರಿಸುವ ಕೋಣೆ ಎಲ್ಲ ತಪ್ಪಿಹೋಗುತ್ತವೆ. ನಿಜವಾದ ಅಭಿಮಾನಿಗೆ ಮಾಮೂಲಿ ಸಾಲೇ ಅರ್ಧ ಸವಾರಿ.

ಉತ್ತರ 4: ಡಾಂಕಿ ಕಾಂಗ್ ಭಾಗ 2024ರ ಡಿಸೆಂಬರ್ 11ಕ್ಕೆ ತೆರೆಯಿತು. ಅಲ್ಲಿನ ಮೈನ್ ಕಾರ್ಟ್ (ಗಣಿಯ ಗಾಡಿ) ಸವಾರಿಯ ಹಳಿ ನಡುನಡುವೆ ಮುರಿದಿದೆ, ಗಾಡಿ ಹಾರಿ ಆ ಕಡೆ ಇಳಿಯುತ್ತದೆ. ಕಣ್ಣಿಗೆ ಹಾಗೆ ಕಾಣುತ್ತದೆ, ಅಷ್ಟೇ. ಅಸಲಿ ಹಳಿ ಬೇರೆ ಇದೆ, ಗಾಡಿಯನ್ನು ಪಕ್ಕದಿಂದ ಒಂದು ತೋಳು ಹಿಡಿದಿರುತ್ತದೆ. ಹಳೆಯ ಡಾಂಕಿ ಕಾಂಗ್ ಗೇಮ್‌ನ ಗಣಿಗಾಡಿ ಹಂತ ಆಡಿದವರಿಗೆ ಮೈ ಜುಮ್ಮೆನ್ನುತ್ತದೆ. ಕುಲುಕಾಟ ಚೆನ್ನಾಗಿಯೇ ಇದೆ, ಬೆನ್ನುನೋವಿನವರು ಯೋಚಿಸಿ. ಬ್ಯಾಂಡ್ ಇದ್ದರೆ ಕೆ, ಒ, ಎನ್, ಜಿ ಅಕ್ಷರಗಳನ್ನು ಹುಡುಕುವ ಆಟವೂ ಇದೆ. ನನ್ನ ಪ್ರಕಾರ ಹಳೆಯ ಮಾರಿಯೊ ಭಾಗಕ್ಕಿಂತ ಇದೇ ಮೂಲ ವಿಡಿಯೊ ಗೇಮ್‌ಗೆ ಹತ್ತಿರ.

ಉತ್ತರ 5: ಊಟದ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿನ ಊಟದ ಜಾಗ ಕಿನೋಪಿಯೋ ಕೆಫೆ ನೋಡಲು ಬಲು ಚಂದ, ತಿನ್ನಲು ನಮಗೆ ಹೆಚ್ಚೇನೂ ಇಲ್ಲ. ಮಾಂಸ ಕಾಣದಿದ್ದರೂ ಸಾರಿನಲ್ಲಿ ದಾಶಿ (ಮೀನು ಕುದಿಸಿ ತೆಗೆದ ರಸ), ಸಿಹಿಯಲ್ಲಿ ಪ್ರಾಣಿಗಳಿಂದ ಬರುವ ಜೆಲಾಟಿನ್ ಇರಬಹುದು. 'ವೆಜಿಟೇರಿಯನ್' ಅಂದರೆ ಸಾಲದು, ಮೀನೂ ಬೇಡ ಅಂತ ಬಿಡಿಸಿ ಹೇಳಿ. ಫೋನಿನಲ್ಲಿ ಜಪಾನಿಯಲ್ಲಿ ಬರೆದಿಟ್ಟು ತೋರಿಸುವುದು ಒಳ್ಳೆಯದು. ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಮಗುವಿನ ಆಹಾರ, ಅಲರ್ಜಿ ಇದ್ದವರ ಆಹಾರಕ್ಕೆ ವಿನಾಯಿತಿ ಇದೆ. ಯೂನಿವರ್ಸಲ್ ಸಿಟಿ ಸ್ಟೇಷನ್‌ನಿಂದ ಗೇಟಿನ ತನಕ ಅಂಗಡಿಗಳ ಸಾಲೇ ಇದೆ, ಆದರೆ ಬೆಳಿಗ್ಗೆ ಅಷ್ಟು ಹೊತ್ತಿಗೆ ಬಾಗಿಲು ತೆರೆದಿರುವವು ಕಡಿಮೆ. ಉಳಿದುಕೊಂಡ ಕಡೆಯೇ ಹೊಟ್ಟೆ ತುಂಬ ತಿಂದು ಹೊರಡಿ.