ಅಪ್‌ಡೇಟ್: ಸಂಜೆಯಾದರೆ ಹೊರಟು ನಿಲ್ಲುವ ಅಮ್ಮ

ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ನಮ್ಮಮ್ಮ ದಿನಾ ಸಂಜೆ "ತೀರ್ಥಹಳ್ಳಿಗೆ ಹೋಗ್ಬೇಕು, ಅಪ್ಪಯ್ಯ ಕಾಯ್ತಿರ್ತಾರೆ" ಅಂತ ಗೇಟು ದಾಟ್ತಾಳೆ, ಕೂಡಿ ಹಾಕದೆ ತಡೆಯೋದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಧನ್ಯವಾದ.

ಹೆಚ್ಚು ಉಪಯೋಗಕ್ಕೆ ಬಂದಿದ್ದು ಚಪ್ಪಲಿ, ಕೊಡೆ, ಕೈಚೀಲ ಕಣ್ಣಿಗೆ ಬೀಳದ ಹಾಗೆ ಎತ್ತಿಟ್ಟಿದ್ದು. ಅವು ಕಂಡರೆ ಸಾಕು, ಹೊರಡೋ ನೆನಪು ಬರ್ತಿತ್ತು. ಬಾಗಿಲು ಎದ್ದು ಕಾಣದ ಹಾಗೆ ಅದಕ್ಕೆ ಗೋಡೆ ಬಣ್ಣದ್ದೇ ಪರದೆ ಹಾಕಿದ್ವಿ. ತೆರೆದರೆ ಸದ್ದಾಗೋ ಸೆನ್ಸರ್ ಕೂಡ ಇದೆ. ಹೊರಗಿಂದ ಬೀಗ ಹಾಕಿ ಒಬ್ಬಳನ್ನೇ ಬಿಡೋದು ಮಾತ್ರ ಬೇಡವೇ ಬೇಡ. ಬೆಂಕಿ ಬಿದ್ದರೆ ಗತಿ ಏನು?

"ಇದೇ ನಿನ್ನ ಮನೆ ಅಮ್ಮ" ಅಂತ ವಾದ ಮಾಡಿದರೆ ಸಿಟ್ಟು ಏರುತ್ತೆ. ಈಗ "ಅಪ್ಪಯ್ಯ ಹೇಗಿದ್ರು, ಹೇಳು" ಅಂತ ಕೂತ್ಕೋತೀನಿ. ತೋಟ, ಅಡಿಕೆ ಸುಲಿಯೋದು, ತುಂಗೆಯ ನೆರೆ ಎಲ್ಲಾ ಹೇಳ್ತಾ ಅವಲಕ್ಕಿ ತಿಂತಾಳೆ. ಎಷ್ಟೋ ಸಲ ಹೊರಡೋ ಹಠದ ಹಿಂದೆ ಹಸಿವೋ, ಬಚ್ಚಲಿಗೆ ಹೋಗಬೇಕೋ ಇರುತ್ತೆ, ಹೇಳೋಕೆ ಬರಲ್ಲ ಅಷ್ಟೇ. ಕತ್ತಲಾಗೋ ಮುಂಚೆನೇ ಎಲ್ಲಾ ದೀಪ ಹಾಕ್ತೀವಿ.

ಎಲ್ಲಿದ್ದಾಳೆ ಅಂತ ತೋರಿಸೋ ಜಿಪಿಎಸ್ ವಾಚ್ ಕಟ್ಟಿದರೆ ಕಿತ್ತೆಸೀತಾಳೆ. ಅದಕ್ಕೇ ನನ್ನ ನಂಬರ್ ಬರೆದ ಬಟ್ಟೆ ಪಟ್ಟಿಯನ್ನ ರವಿಕೆ ಒಳಗೆ ಹೊಲಿದಿದ್ದೀನಿ. ಆಟೋ ಸ್ಟ್ಯಾಂಡಿನವರ ಹತ್ತಿರ, ಹೂವಿನ ಅಜ್ಜಿ ಹತ್ತಿರ ಅವಳ ಫೋಟೋ ಇದೆ.

ಅಕಸ್ಮಾತ್ ಕಾಣೆಯಾದರೆ ಪೊಲೀಸರಿಗೆ ಹೇಳೋಕೆ ಒಂದು ದಿನ ಕಾಯಬೇಕು ಅನ್ನೋದು ಸುಳ್ಳು. ತಕ್ಷಣ 112ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ರಾತ್ರಿ ಎದ್ದು ಓಡಾಡೋದು ಇನ್ನೂ ನಿಂತಿಲ್ಲ. ಅದಕ್ಕೆ ಯಾರಿಗಾದರೂ ದಾರಿ ಗೊತ್ತಿದ್ದರೆ ದಯವಿಟ್ಟು ಹೇಳಿ.