ಅಪ್‌ಡೇಟ್: ಡೌನ್‌ಪೈಪ್ ಹಾಕಿದ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230 ಕಾರು, ಗಿರಿ ಏರಿನಲ್ಲಿ ಪವರ್ ಬೀಳುತ್ತಿದ್ದ ಸಮಸ್ಯೆ

ಹಿಂದೆ ಕೇಳಿದ್ದು ಇಷ್ಟು: ಸ್ಟೇಜ್ 2 ಸಾಫ್ಟ್‌ವೇರ್ (ಪವರ್ ಹೆಚ್ಚಿಸುವ ಟ್ಯೂನಿಂಗ್), 200 ಸೆಲ್ ಕ್ಯಾಟ್ (ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಇರುವ 3 ಇಂಚಿನ ಡೌನ್‌ಪೈಪ್, ಅಂದರೆ ಟರ್ಬೊದಿಂದ ಹೊಗೆ ಹೊರಬರುವ ಮೊದಲ ಪೈಪ್. ಚಿಕ್ಕಮಗಳೂರು ಊರೊಳಗೆ ಗಾಡಿ ಚೆನ್ನಾಗಿ ಎಳೆಯುತ್ತೆ. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತಿದರೆ ಸುಸ್ತಾಗುತ್ತೆ, ಜೊತೆಗೆ ಪಿ0420 ಕೋಡ್ (ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ದೋಷ ಸೂಚನೆ).

ಕೋಡ್‌ಗೆ ಕಾರಣ ಕ್ಯಾಟ್ ಅಲ್ಲ. ಟರ್ಬೊ ಬಾಯಿಯ ವಿ-ಬ್ಯಾಂಡ್ ಕ್ಲಾಂಪ್ (ಪೈಪನ್ನು ಹಿಡಿದಿಡುವ ಪಟ್ಟಿ) ವಾರೆಯಾಗಿ ಕೂತಿತ್ತು. ಪೈಪ್ ಸೇರುವ ಫ್ಲೇಂಜ್ ಅಂಚಿನಲ್ಲಿ ಬೆರಳುಗುರಿನಷ್ಟು ಅಗಲದ ಕಪ್ಪು ಮಸಿ, ಅದೇ ಸೋರಿಕೆಯ ಗುರುತು. ಅಲ್ಲಿಂದ ಒಳಬಂದ ಗಾಳಿ ಕ್ಯಾಟಿನ ಹಿಂದಿರುವ ಲ್ಯಾಂಬ್ಡಾ (ಆಮ್ಲಜನಕ ಅಳೆಯುವ) ಸೆನ್ಸರನ್ನು ದಾರಿ ತಪ್ಪಿಸುತ್ತೆ. ಹ್ಯಾಂಗರ್, ಬೋಲ್ಟ್ ಎಲ್ಲವನ್ನೂ ಮೊದಲು ಕೈಬಿಗಿ ಮಾಡಿ, ಪೈಪ್ ನೇರ ಕೂತ ಮೇಲೆ ಕ್ಲಾಂಪಿನಿಂದ ಹಿಂದಕ್ಕೆ ಬಿಗಿಯುತ್ತಾ ಬರಬೇಕು. ಹಾಗೆ ಬಿಗಿದ ಮೇಲೆ ಈಗ ಕೋಡ್ ಇಲ್ಲ. ಕೋಡ್ ಮುಚ್ಚಿಸಲು ಸಾಫ್ಟ್‌ವೇರಿನಲ್ಲಿ ಸೆನ್ಸರ್ ಆಫ್ ಮಾಡಿಸಿದ್ದರೆ ಈ ಸೋರಿಕೆ ಕಾಣುತ್ತಲೇ ಇರಲಿಲ್ಲ.

ಪವರ್ ಬಿದ್ದದ್ದು ಬಿಸಿಗೆ. ಗಿರಿಯ ತುದಿ ಸುಮಾರು 1,930 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 80ರಷ್ಟು. ಅದೇ ಬೂಸ್ಟ್ (ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ) ಕೊಡಲು ಟರ್ಬೊ ಹೆಚ್ಚು ತಿರುಗಬೇಕು, ಗಾಳಿ ಇನ್ನಷ್ಟು ಕಾಯುತ್ತೆ, ನಿಧಾನದ ತಿರುವುಗಳಲ್ಲಿ ಆ ಗಾಳಿ ತಣಿಸುವ ಇಂಟರ್‌ಕೂಲರ್ ತಣಿಯುವುದಿಲ್ಲ. ಮೂರನೇ ಗೇರಿನಲ್ಲಿ ಎಂಜಿನ್ ಲಾಗ್ (ದಾಖಲೆ) ತೆಗೆದಾಗ ಎರಡು ಸಿಲಿಂಡರ್‌ಗಳಲ್ಲಿ ಇಗ್ನಿಷನ್ (ಕಿಡಿ ಹಾರುವ ಸಮಯ) 5 ಡಿಗ್ರಿ ಹಿಂದಕ್ಕೆ ಹೋಗಿತ್ತು; ನಾಕ್ ಆಗದಂತೆ ಎಂಜಿನ್ ಹೀಗೆ ಮಾಡಿದಾಗ ಪವರ್ ಇಳಿಯುತ್ತೆ. ಮ್ಯಾಪ್ (ಸಾಫ್ಟ್‌ವೇರಿನ ಸೆಟ್ಟಿಂಗ್) 95 ಆಕ್ಟೇನ್ ಪೆಟ್ರೋಲಿಗೆ ಬರೆದದ್ದು, ಟ್ಯಾಂಕಿನಲ್ಲಿದ್ದದ್ದು ನಾಕ್ ತಡೆಯುವ ಶಕ್ತಿ ಕಡಿಮೆ ಇರುವ 91. ಪೂರ್ತಿ 95 ತುಂಬಿಸಿ, ದೊಡ್ಡ ಇಂಟರ್‌ಕೂಲರ್ ಹಾಕಿದ ಮೇಲೆ ಇಗ್ನಿಷನ್ ಹಿಂದಕ್ಕೆ ಹೋಗುವುದು 1 ಡಿಗ್ರಿಗೆ ಇಳಿದಿದೆ.

ಡಿಎಸ್‌ಜಿ (ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಎಣ್ಣೆ, ಫಿಲ್ಟರ್ ಬದಲಿಸುವುದು ಬಾಕಿ. ಟಾರ್ಕ್ ಹೆಚ್ಚಿದ್ದರಿಂದ 60,000 ಕಿ.ಮೀ. ಬದಲು 40,000ಕ್ಕೇ ಮಾಡಿಸುವುದು ಸರಿ.